ನಿಮಗಿದು ಗೊತ್ತೇ? ಪ್ರಾಸ್ಟೇಟ್ ಕ್ಯಾನ್ಸರಿಗೆ ಕೀಮೋ ಎಷ್ಟು ಸುತ್ತು?

ಮೂಳೆಗೋ ಬೇರೆ ಅಂಗಕ್ಕೋ ಹರಡಿದ ಪ್ರಾಸ್ಟೇಟ್ ಕ್ಯಾನ್ಸರಿಗೆ ಡೋಸೆಟಾಕ್ಸೆಲ್ ಕೀಮೋ ಶುರುವಾದ ಮನೆಗಳಲ್ಲಿ ಎರಡು-ಮೂರು ಸುತ್ತು ಮುಗಿಯುವ ಹೊತ್ತಿಗೆ ಒಂದು ಪ್ರಶ್ನೆ ಏಳುತ್ತದೆ: ಇನ್ನೆಷ್ಟು ಹಾಕಿಸಬೇಕು? ಕೈಕಾಲು ಜೋಮು ಹಿಡಿದಿರುತ್ತದೆ, ಊಟ ಸೇರುತ್ತಿರುವುದಿಲ್ಲ. ಆದರೂ ಡಾಕ್ಟರನ್ನು ಕೇಳಲು ಮನೆಯವರು ಹಿಂಜರಿಯುತ್ತಾರೆ. ಕೇಳುವ ಮುನ್ನ ತಿಳಿದಿರಬೇಕಾದ ಸಂಗತಿಗಳು ಇಲ್ಲಿವೆ.

● ಡಾಕ್ಟರರು ಹೇಳುವ ‘ಆರು’ ಮತ್ತು ‘ಹತ್ತು’ ಎರಡೂ ಸಂಖ್ಯೆಗಳು ಅಧ್ಯಯನಗಳ ನಿಯಮಾವಳಿಯಿಂದ ಬಂದವು. ಆರಕ್ಕಿಂತ ಹತ್ತು ಎಷ್ಟು ಮೇಲು ಎಂದು ಆ ಅಧ್ಯಯನಗಳು ಅಳೆದು ನೋಡಿದ್ದಲ್ಲ. ಕಾಯಿಲೆಯ ಎರಡು ಬೇರೆ ಬೇರೆ ಹಂತಗಳಲ್ಲಿ ನಡೆದ ಅಧ್ಯಯನಗಳು ತಮ್ಮ ತಮ್ಮ ಅನುಕೂಲಕ್ಕೆ ಹಾಕಿಕೊಂಡ ಗೆರೆಗಳು ಅವು.

● ‘ಹತ್ತು’ ಬಂದದ್ದು 2004ರಲ್ಲಿ ಪ್ರಕಟವಾದ ‘ಟ್ಯಾಕ್ಸ್ 327’ ಎಂಬ ಅಧ್ಯಯನದಿಂದ. ಹಾರ್ಮೋನ್ ಚಿಕಿತ್ಸೆಗೂ ಬಗ್ಗದೆ ಬೆಳೆಯುತ್ತಿದ್ದ ಕಾಯಿಲೆಯ 1006 ಗಂಡಸರು ಅದರಲ್ಲಿದ್ದರು, 24 ದೇಶಗಳವರು. ಒಂದು ಗುಂಪಿಗೆ ಮೂರು ವಾರಕ್ಕೊಮ್ಮೆ ಡೋಸೆಟಾಕ್ಸೆಲ್, ಇನ್ನೊಂದಕ್ಕೆ ಅದನ್ನೇ ವಾರಕ್ಕೊಮ್ಮೆ, ಮತ್ತೊಂದಕ್ಕೆ ಹಳೆಯ ಔಷಧ ಮೈಟೋಕ್ಸಾಂಟ್ರೋನ್. ಮೂರಕ್ಕೂ ಗಡುವು 30 ವಾರ. ಮೂರು ವಾರಕ್ಕೊಂದರಂತೆ 30 ವಾರಕ್ಕೆ ಹತ್ತು ಸುತ್ತು.

ಈಗ ಮನೆಯವರೆಲ್ಲ ತಿಳಿಯಬೇಕಾದ ಅಂಕಿಗೆ ಬರೋಣ. ಆ ಅಧ್ಯಯನದಲ್ಲಿ ಮೂರು ವಾರಕ್ಕೊಮ್ಮೆ ಡೋಸೆಟಾಕ್ಸೆಲ್ ಪಡೆದವರಲ್ಲಿ ನಿಗದಿಯಾದ ಚಿಕಿತ್ಸೆಯನ್ನು ಪೂರ್ತಿ ಮುಗಿಸಿದವರು ಶೇ 46 ಮಾತ್ರ. ಉಳಿದವರಲ್ಲಿ ಹೆಚ್ಚಿನವರು ನಿಲ್ಲಿಸಿದ್ದು ಕಾಯಿಲೆ ಮುಂದುವರಿದದ್ದರಿಂದ. ಕೆಲವರು ಅಡ್ಡಪರಿಣಾಮ ತಾಳಲಾರದೆ ನಿಲ್ಲಿಸಿದರು. ಇಡೀ ಜಗತ್ತು ನೆಚ್ಚಿಕೊಂಡ ಫಲಿತಾಂಶ ಬಂದದ್ದು ಹೀಗೆ ಅರ್ಧಕ್ಕೂ ಹೆಚ್ಚು ಜನ ಹತ್ತು ಮುಟ್ಟದ ಗುಂಪಿನಿಂದಲೇ. ಏಳನೆಯ ಸುತ್ತಿಗೆ ನಿಲ್ಲಿಸಿದ ತಂದೆಯನ್ನು ‘ಅರ್ಧಕ್ಕೆ ಬಿಟ್ಟರು’ ಎಂದು ಯಾರೂ ದೂರಬಾರದು.

● ಆ ಫಲಿತಾಂಶವೇನು? ಬದುಕುಳಿದ ಅವಧಿಯ ಮಧ್ಯಮ ಅಂಕಿ ಮೂರು ವಾರಕ್ಕೊಮ್ಮೆ ಡೋಸೆಟಾಕ್ಸೆಲ್ ಪಡೆದ ಗುಂಪಿನಲ್ಲಿ 18.9 ತಿಂಗಳು, ಹಳೆಯ ಔಷಧದ ಗುಂಪಿನಲ್ಲಿ 16.5 ತಿಂಗಳು. ಮಧ್ಯಮ ಅಂಕಿಯೆಂದರೆ ಅರ್ಧ ಜನ ಅದಕ್ಕಿಂತ ಹೆಚ್ಚು ಕಾಲ ಬದುಕಿದ್ದರು, ಅರ್ಧ ಜನ ಕಡಿಮೆ. ನಿಮ್ಮ ಮನೆಯವರ ಆಯಸ್ಸಿನ ಲೆಕ್ಕ ಅದಲ್ಲ. ನೋವು ತಗ್ಗಿದ್ದು ಮೂರು ವಾರಕ್ಕೊಮ್ಮೆ ಡೋಸೆಟಾಕ್ಸೆಲ್ ಪಡೆದವರಲ್ಲಿ ಶೇ 35ರಷ್ಟು ಜನರಿಗೆ. ಹಳೆಯದರಲ್ಲಿ ಶೇ 22.

● ‘ಆರು’ ಬಂದದ್ದು ಬೇರೆ ಕಡೆಯಿಂದ. ಹರಡಿದ ಕಾಯಿಲೆ ಆಗಷ್ಟೇ ಪತ್ತೆಯಾಗಿ ಹಾರ್ಮೋನ್ ಚಿಕಿತ್ಸೆ ಶುರುವಾದವರಿಗೆ, ಕಾಯಿಲೆ ತಿರುಗಿಬೀಳುವವರೆಗೆ ಕಾಯದೆ, ಮೊದಲೇ ಆರು ಸುತ್ತು ಕೀಮೋ ಕೊಟ್ಟರೆ ಹೇಗೆ? ಅಮೆರಿಕದ ‘ಚಾರ್ಟೆಡ್’ ಅಧ್ಯಯನ 790 ಜನರಲ್ಲಿ ಇದನ್ನು ನೋಡಿತು. 2015ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಹಾರ್ಮೋನ್ ಮಾತ್ರ ಪಡೆದವರ ಮಧ್ಯಮ ಅಂಕಿ 44 ತಿಂಗಳು, ಜೊತೆಗೆ ಆರು ಸುತ್ತು ಕೀಮೋ ಪಡೆದವರದು 57.6 ತಿಂಗಳು. ಕಾಯಿಲೆ ಹೆಚ್ಚು ಹರಡಿದ್ದವರಲ್ಲಿ 32.2 ತಿಂಗಳು ಇದ್ದದ್ದು 49.2 ತಿಂಗಳಾಯಿತು. ಕೆಲವೇ ಕಡೆ ಹರಡಿದ್ದವರಿಗೆ ಈ ಲಾಭ ಖಚಿತವಾಗಿ ಕಾಣಲಿಲ್ಲ. ಮುಂದಿನ ವರ್ಷವೇ ಬ್ರಿಟನ್ನಿನ ‘ಸ್ಟ್ಯಾಂಪೀಡ್’ ಕೂಡ ಆರು ಸುತ್ತಿನ ಲಾಭವನ್ನು ತೋರಿಸಿತು.

ಹೀಗಾಗಿ ‘ನಾಲ್ಕಕ್ಕೆ ನಿಲ್ಲಿಸೋಣವೇ’ ಎಂಬ ಪ್ರಶ್ನೆಯ ತೂಕ ಎರಡು ಮನೆಗಳಲ್ಲಿ ಒಂದೇ ಅಲ್ಲ. ಕಾಯಿಲೆ ಹೊಸದಾಗಿ ಪತ್ತೆಯಾಗಿ ಬಹಳ ಕಡೆ ಹರಡಿದ್ದು, ದೇಹ ತಾಳಿಕೊಳ್ಳುತ್ತಿದ್ದರೆ, ಆರನ್ನು ಮುಗಿಸಲು ಗಟ್ಟಿ ಕಾರಣವಿದೆ. ಸುಸ್ತಾದ ಮಾತ್ರಕ್ಕೆ ಅಲ್ಲಿ ಕೈಬಿಡುವ ಮುನ್ನ ಡೋಸ್ ತಗ್ಗಿಸಲು, ಒಂದು ವಾರ ಮುಂದಕ್ಕೆ ಹಾಕಲು ಕೇಳಬೇಕು. ಹಾರ್ಮೋನಿಗೆ ಬಗ್ಗದ ಹಂತದಲ್ಲಾದರೆ ಹತ್ತು ಎಂಬುದು ಮೇಲಿನ ಮಿತಿ. ಅದನ್ನು ಮುಟ್ಟಲೇಬೇಕೆಂಬ ಕಟ್ಟುಪಾಡಿಲ್ಲ. ನಿಮ್ಮವರು ಯಾವ ಹಂತದಲ್ಲಿದ್ದಾರೆ ಎಂಬುದನ್ನು ಮೊದಲ ಭೇಟಿಯಲ್ಲೇ ಕೇಳಿ ಬರೆದಿಟ್ಟುಕೊಳ್ಳಿ.

● ಫ್ರಾನ್ಸ್ ಮತ್ತು ಬೆಲ್ಜಿಯಂನಲ್ಲಿ 385 ಜನರ ಮೇಲೆ ನಡೆದ ಅಧ್ಯಯನವೊಂದರಲ್ಲಿ ಒಂಬತ್ತು ಸುತ್ತಿನವರೆಗೂ ಕೊಡಲು ಅವಕಾಶವಿತ್ತು. ಆಯಸ್ಸಿನಲ್ಲಿ ಖಚಿತ ವ್ಯತ್ಯಾಸ ಅಲ್ಲಿ ಕಾಣಲಿಲ್ಲ. ಸುತ್ತು ಹೆಚ್ಚಿಸಿದರೆ ಲಾಭವೂ ತಾನಾಗಿ ಹೆಚ್ಚುತ್ತದೆ ಎನ್ನುವವರು ಇದನ್ನೂ ನೆನಪಿಡಬೇಕು. ಆದರೆ ಇದು ಚಿಕ್ಕ ಅಧ್ಯಯನ, ಇದೊಂದರಿಂದಲೇ ತೀರ್ಪು ಕೊಡಲಾಗದು.

● ಹೆಚ್ಚು ಸುತ್ತು ಪಡೆದವರು ಹೆಚ್ಚು ಕಾಲ ಬದುಕಿದರು ಎಂದು ಹೇಳುವ ವರದಿಗಳೂ ಇವೆ. ಅವುಗಳನ್ನು ಎಚ್ಚರದಿಂದ ಓದಬೇಕು. ಕಾಯಿಲೆ ಹತೋಟಿಯಲ್ಲಿದ್ದು ಮೈಯಲ್ಲಿ ಶಕ್ತಿ ಉಳಿದವರಿಗೆ ಮಾತ್ರ ಎಂಟು, ಹತ್ತು ಸುತ್ತು ಕೊಡಲು ಸಾಧ್ಯ. ಕಾಯಿಲೆ ಬೇಗ ಉಲ್ಬಣಿಸಿದವರು ಐದಕ್ಕೇ ನಿಂತಿರುತ್ತಾರೆ. ಸುತ್ತು ಹೆಚ್ಚಾದದ್ದರಿಂದ ಬದುಕಿದರೋ, ಬದುಕುವಷ್ಟು ಗಟ್ಟಿಯಿದ್ದದ್ದರಿಂದ ಸುತ್ತು ಹೆಚ್ಚಾಯಿತೋ ಎಂದು ಇಂಥ ಲೆಕ್ಕದಿಂದ ಬಿಡಿಸಿ ಹೇಳುವುದು ಕಷ್ಟ.

● ಆ್ಯಂಟಿಬಯೋಟಿಕ್ ಕೋರ್ಸನ್ನು ನಡುವೆ ಬಿಡಬಾರದು ಎಂದು ಕೇಳಿ ಬೆಳೆದವರು ನಾವು. ಕೀಮೋಗೂ ಅದೇ ನಿಯಮ ಎಂದು ಬಹಳ ಜನ ನಂಬಿದ್ದಾರೆ. ಹರಡಿದ ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಕೀಮೋದ ಗುರಿ ಕಾಯಿಲೆಯನ್ನು ಬೇರುಸಹಿತ ಕೀಳುವುದಲ್ಲ, ಹತೋಟಿಯಲ್ಲಿಡುವುದು. ಕೆಲಸ ಮಾಡದ ಔಷಧವನ್ನು ಸಂಖ್ಯೆ ತುಂಬಿಸಲಿಕ್ಕೆಂದು ಮುಂದುವರಿಸಿದರೆ ಅಡ್ಡಪರಿಣಾಮವಷ್ಟೇ ಕೈಗೆ ಸಿಗುತ್ತದೆ.

● ಕೀಮೋ ಶುರುವಾದ ಮೊದಲ ವಾರಗಳಲ್ಲಿ ಪಿಎಸ್‌ಎ (ಕಾಯಿಲೆಯ ಏರಿಳಿತ ತಿಳಿಯಲು ಮಾಡಿಸುವ ರಕ್ತ ಪರೀಕ್ಷೆಯ ಅಂಕಿ) ಏರಿ, ಆಮೇಲೆ ಇಳಿಯುವುದುಂಟು! ಅದಕ್ಕಾಗಿಯೇ ಮೊದಲ 12 ವಾರಗಳ ಪಿಎಸ್‌ಎ ಏರಿಕೆಯೊಂದನ್ನೇ ನೋಡಿ ಚಿಕಿತ್ಸೆ ನಿಲ್ಲಿಸಬಾರದೆಂದು ಅಂತರರಾಷ್ಟ್ರೀಯ ತಜ್ಞರ ಗುಂಪು ಸಲಹೆ ಕೊಟ್ಟಿದೆ. 12 ವಾರವೆಂದರೆ ನಾಲ್ಕು ಸುತ್ತು. ಎರಡನೆಯ ಸುತ್ತಿನ ರಿಪೋರ್ಟ್ ನೋಡಿ ಎದೆಗುಂದಿದ ಮನೆಯವರಿಗೆ ಈ ಮಾತನ್ನು ಯಾರಾದರೂ ಹೇಳಲೇಬೇಕು.

● ಬೋನ್ ಸ್ಕ್ಯಾನಿನಲ್ಲೂ ಹೀಗೆಯೇ. ಮೂಳೆ ಗುಣವಾಗುತ್ತಿರುವಾಗಲೂ ಅಲ್ಲಿ ಹೊಸ ಕಲೆ ಕಾಣಿಸಬಹುದು. ಮೊದಲ ಸ್ಕ್ಯಾನಿನಲ್ಲಿ ಎರಡು ಹೊಸ ಕಲೆ ಕಂಡರೆ, ಮುಂದಿನ ಸ್ಕ್ಯಾನಿನಲ್ಲಿ ಮತ್ತೆರಡು ಸೇರಿದಾಗಲೇ ಕಾಯಿಲೆ ಬೆಳೆದಿದೆ ಎಂದು ತಜ್ಞರು ಲೆಕ್ಕ ಹಿಡಿಯುತ್ತಾರೆ.

● ಪಿಎಸ್‌ಎ ಇಳಿದಿದೆ, ಆದರೆ ಸೊಂಟದ ನೋವು ಏರುತ್ತಿದೆ, ನಡಿಗೆ ಕುಂದಿದೆ. ಆಗ ನಂಬಬೇಕಾದ್ದು ರೋಗಿಯ ಮಾತನ್ನು. ಬೆನ್ನುನೋವಿನ ಜೊತೆ ಕಾಲಿನಲ್ಲಿ ಬಲ ಕಡಿಮೆಯಾದರೆ, ಮೂತ್ರ ಕಟ್ಟಿದರೆ, ಮುಂದಿನ ಸುತ್ತಿನ ದಿನಾಂಕಕ್ಕೆ ಕಾಯಬೇಡಿ. ಬೆನ್ನುಹುರಿ ಒತ್ತಿರಬಹುದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು.

● ಡೋಸೆಟಾಕ್ಸೆಲ್‌ನ ಮೂಲ ಒಂದು ಮರ. 1962ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಾಡಿನಲ್ಲಿ ಯೂ ಎಂಬ ಮರದ ತೊಗಟೆ ಸಂಗ್ರಹಿಸಿದರು. ಅದರಿಂದ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಅಣುವನ್ನು ಬೇರ್ಪಡಿಸಿ 1971ರಲ್ಲಿ ರಚನೆ ಪ್ರಕಟಿಸಿದ ಇಬ್ಬರು ಮುಖ್ಯರಲ್ಲಿ ಒಬ್ಬರು ಮನ್ರೋ ವಾಲ್, ಇನ್ನೊಬ್ಬರು ಮಹಾರಾಷ್ಟ್ರದ ನಂದುರಬಾರಿನಲ್ಲಿ ಹುಟ್ಟಿದ ಮನ್‌ಸುಖ್ ವಾನಿ. ತೊಗಟೆ ಸುಲಿದರೆ ಮರವೇ ಸಾಯುತ್ತದೆ. ಫ್ರಾನ್ಸಿನ ಪಿಯರ್ ಪೋತಿಯೆ ತಂಡ ಯುರೋಪಿನ ಯೂ ಮರದ ಎಲೆಗಳಿಂದ ಹೊರಟು ಅದೇ ಕುಲದ ಡೋಸೆಟಾಕ್ಸೆಲ್ ತಯಾರಿಸಿತು. ಎಲೆ ಮತ್ತೆ ಚಿಗುರುತ್ತದೆ.

● ಡೋಸ್ ನಿರ್ಧಾರವಾಗುವುದು ಮೈಮೇಲ್ಮೈ ವಿಸ್ತೀರ್ಣದಿಂದ: ಪ್ರತಿ ಚದರ ಮೀಟರಿಗೆ 75 ಮಿಲಿಗ್ರಾಂ. 170 ಸೆಂಟಿಮೀಟರ್ ಎತ್ತರದ, 65 ಕಿಲೋ ತೂಕದವರ ಮೈ ಸುಮಾರು 1.75 ಚದರ ಮೀಟರ್, ಡೋಸ್ ಸುಮಾರು 131 ಮಿಲಿಗ್ರಾಂ. ಈ ಬಗೆಯ ಲೆಕ್ಕಕ್ಕೆ ಅಡಿಪಾಯ ಹಾಕಿದ 1916ರ ಸೂತ್ರ ನಿಂತಿದ್ದು ಕೇವಲ ಒಂಬತ್ತು ಜನರ ಅಳತೆಯ ಮೇಲೆ. ನಡುವೆ ತೂಕ ಬಹಳ ಇಳಿದಿದ್ದರೆ ಹಳೆಯ ತೂಕದ ಮೇಲೆಯೇ ಡೋಸ್ ಹೋಗುತ್ತಿದೆಯೇ ಎಂದು ಕೇಳುವುದರಲ್ಲಿ ತಪ್ಪಿಲ್ಲ.

● ಡೋಸ್ ತಗ್ಗಿಸುವುದು ಸೋಲಲ್ಲ. ಬಿಳಿ ರಕ್ತಕಣಗಳ ಕೌಂಟ್ ಕುಸಿದು ಜ್ವರ ಬಂದರೆ, ಕೈಕಾಲಿನ ಜೋಮು ಹೆಚ್ಚಿದರೆ 75ರಿಂದ 60ಕ್ಕೆ ಇಳಿಸಬೇಕೆಂದು ಔಷಧದ ಅಧಿಕೃತ ಸೂಚನೆಯಲ್ಲೇ ಇದೆ. ಆಗಲೂ ತೊಂದರೆ ತಪ್ಪದಿದ್ದರೆ ನಿಲ್ಲಿಸಬೇಕು ಎಂದೂ ಇದೆ.

● ಮೂರು ವಾರಕ್ಕೊಮ್ಮೆ ತಾಳಲಾರದವರಿಗೆ ಎರಡು ವಾರಕ್ಕೊಮ್ಮೆ ಕಡಿಮೆ ಡೋಸ್ ಕೊಡಬಹುದೇ? ಫಿನ್ಲೆಂಡ್, ಸ್ವೀಡನ್, ಐರ್ಲೆಂಡುಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡು ವಾರಕ್ಕೊಮ್ಮೆ 50 ಮಿಲಿಗ್ರಾಂ ಲೆಕ್ಕದಲ್ಲಿ ಕೊಟ್ಟಾಗ ಬಿಳಿ ರಕ್ತಕಣಗಳ ತೀವ್ರ ಕುಸಿತ ಶೇ 53ರಿಂದ ಶೇ 36ಕ್ಕೆ ಇಳಿಯಿತು. ಕಾಯಿಲೆಯ ಹತೋಟಿ ಕೆಡಲಿಲ್ಲ. ಆಸ್ಪತ್ರೆಗೆ ಓಡಾಟ ಮಾತ್ರ ಹೆಚ್ಚು.

● ಕೀಮೋಗೆ ರಜೆಯೂ ಉಂಟು. 250 ಜನರಿದ್ದ ಅಮೆರಿಕದ ಅಧ್ಯಯನವೊಂದರಲ್ಲಿ ಪಿಎಸ್‌ಎ ಚೆನ್ನಾಗಿ ಇಳಿದವರಿಗೆ ಬಿಡುವು ಕೊಡಲಾಯಿತು. ಬಿಡುವು ಸಿಕ್ಕಿದ್ದು ಶೇ 18ರಷ್ಟು ಜನರಿಗೆ. ಮೊದಲ ಬಿಡುವಿನ ಮಧ್ಯಮ ಅವಧಿ 18 ವಾರ. ಪಿಎಸ್‌ಎ ಏರಿದ ಮೇಲೆ ಮತ್ತೆ ಅದೇ ಔಷಧ ಶುರುಮಾಡಿದಾಗ ಹೆಚ್ಚಿನವರಲ್ಲಿ ಕಾಯಿಲೆ ಮತ್ತೆ ತಗ್ಗಿತು ಅಥವಾ ನಿಂತಲ್ಲೇ ನಿಂತಿತು. ಮಗಳ ಮದುವೆ, ಊರ ಜಾತ್ರೆ, ಮೊಮ್ಮಗನ ನಾಮಕರಣ ಇವೂ ಬಿಡುವು ಕೇಳಲು ಯೋಗ್ಯ ಕಾರಣಗಳೇ. ಕೇಳಲು ನಾಚಬೇಡಿ.

● ಕೀಮೋ ನಿಂತರೂ ಹಾರ್ಮೋನ್ ಇಂಜೆಕ್ಷನ್ ನಿಲ್ಲುವುದಿಲ್ಲ. ಮನೆಯವರು ಎಲ್ಲಕ್ಕಿಂತ ಹೆಚ್ಚು ತಪ್ಪು ತಿಳಿಯುವುದು ಇಲ್ಲಿಯೇ. ‘ಟ್ರೀಟ್‌ಮೆಂಟ್ ಮುಗಿಯಿತು’ ಎಂದುಕೊಂಡು ತಿಂಗಳಿಗೋ ಮೂರು ತಿಂಗಳಿಗೋ ಹಾಕಿಸುವ ಇಂಜೆಕ್ಷನ್ನನ್ನೂ ಬಿಟ್ಟರೆ ಪುರುಷ ಹಾರ್ಮೋನ್ ಟೆಸ್ಟೋಸ್ಟೆರೋನ್ ಮತ್ತೆ ಏರಿ ಕಾಯಿಲೆಗೆ ಬಲ ಬರುತ್ತದೆ. ಟೆಸ್ಟೋಸ್ಟೆರೋನ್ ತಗ್ಗಿಸಿದರೆ ಈ ಕ್ಯಾನ್ಸರ್ ಕುಗ್ಗುತ್ತದೆಂದು ಚಾರ್ಲ್ಸ್ ಹಗಿನ್ಸ್ ತೋರಿಸಿದ್ದು 1941ರಲ್ಲಿ. ಅವರಿಗೆ ನೊಬೆಲ್ ಬಂದದ್ದು 1966ರಲ್ಲಿ. ಚಿಕಿತ್ಸೆಯ ಬುನಾದಿ ಇಂದಿಗೂ ಅದೇ.

● ಟೆಸ್ಟೋಸ್ಟೆರೋನ್ ಇಳಿದಿರುವ ದೇಹ ಡೋಸೆಟಾಕ್ಸೆಲನ್ನು ಬೇಗ ಹೊರಹಾಕುತ್ತದೆ ಎಂದು 2010ರ ಅಧ್ಯಯನವೊಂದು ತೋರಿಸಿತು. ಹಾರ್ಮೋನ್ ಚಿಕಿತ್ಸೆ ಆಗಷ್ಟೇ ಶುರುವಾದವರಲ್ಲಿ ಕೌಂಟ್ ಹೆಚ್ಚು ಬೀಳುವುದಕ್ಕೆ ಇದೂ ಒಂದು ಕಾರಣವಿರಬೇಕೆಂದು ತಜ್ಞರ ಊಹೆ.

● ಪ್ರಾಸ್ಟೇಟ್ ಕ್ಯಾನ್ಸರಿಗೆ 1996ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ ಮೈಟೋಕ್ಸಾಂಟ್ರೋನ್ ಆಯಸ್ಸು ಹೆಚ್ಚಿಸಿದ ಔಷಧವೇ ಅಲ್ಲ! ಕೆನಡಾದ ಇಯಾನ್ ಟ್ಯಾನಕ್ 161 ಗಂಡಸರ ಅಧ್ಯಯನದಲ್ಲಿ ಮುಖ್ಯವಾಗಿ ಅಳೆದದ್ದು ನೋವನ್ನು. ಸ್ಟೀರಾಯ್ಡ್ ಮಾತ್ರ ಪಡೆದವರಲ್ಲಿ ಶೇ 12 ಜನರ ನೋವು ತಗ್ಗಿದರೆ, ಔಷಧವನ್ನೂ ಸೇರಿಸಿ ಪಡೆದವರಲ್ಲಿ ಶೇ 29. ಬದುಕಿನ ಅವಧಿಯಲ್ಲಿ ವ್ಯತ್ಯಾಸವಿರಲಿಲ್ಲ. ಆದರೂ ಒಪ್ಪಿಗೆ ಸಿಕ್ಕಿತು. ಎಂಟು ವರ್ಷದ ಮೇಲೆ ಡೋಸೆಟಾಕ್ಸೆಲ್ ಅಧ್ಯಯನದ ಮುಂದಾಳು ಕೂಡ ಅದೇ ಟ್ಯಾನಕ್. ರೋಗಿಗೆ ನೋವು ಎಷ್ಟಿದೆ ಎಂದು ಕೇಳಿ ಬರೆದುಕೊಳ್ಳುವುದೂ ವಿಜ್ಞಾನವೇ ಎಂದು ತೋರಿಸಿದ ಈ ಕೆಲಸಕ್ಕೆ ನನಗೆ ಬಹಳ ಗೌರವವಿದೆ. ಸುತ್ತು ಮುಂದುವರಿಸಬೇಕೆ ಎಂಬ ನಿರ್ಧಾರದಲ್ಲೂ ಮೊದಲ ಸಾಕ್ಷಿ ನೋವೇ ಆಗಬೇಕು.

● ಆರು ಸುತ್ತು ಪಡೆದವರ ಬದುಕಿನ ಗುಣಮಟ್ಟ ಮೂರನೆಯ ತಿಂಗಳಲ್ಲಿ ಹಾರ್ಮೋನ್ ಮಾತ್ರ ಪಡೆದವರಿಗಿಂತ ಕೆಳಗಿತ್ತು. ಹನ್ನೆರಡನೆಯ ತಿಂಗಳಲ್ಲಿ ಮೇಲಿತ್ತು. ಇದು ಚಾರ್ಟೆಡ್ ಅಧ್ಯಯನದ್ದೇ ಲೆಕ್ಕ. ನಾಲ್ಕನೆಯ ಸುತ್ತಿನಲ್ಲಿ ಸೋತು ಕೂತವರಿಗೆ ಧೈರ್ಯ ಹೇಳಲು ಇದಕ್ಕಿಂತ ಒಳ್ಳೆಯ ಸಂಗತಿ ನನಗೆ ಗೊತ್ತಿಲ್ಲ.

● ಕಾಲು ಬಾತುಕೊಳ್ಳುವುದು ಒಟ್ಟು ಸೇರಿದ ಔಷಧದ ಪ್ರಮಾಣಕ್ಕೆ ತಕ್ಕಂತೆ ಬರುತ್ತದೆ. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಇಲ್ಲದೆ ಕೊಟ್ಟಾಗ ಚದರ ಮೀಟರಿಗೆ ಒಟ್ಟು ಸುಮಾರು 490 ಮಿಲಿಗ್ರಾಂ ಹೊತ್ತಿಗೆ, ಮಾತ್ರೆಯ ಜೊತೆ ಕೊಟ್ಟಾಗ ಸುಮಾರು 819 ಮಿಲಿಗ್ರಾಂ ಹೊತ್ತಿಗೆ ಬಾವು ಜೋರಾಗುವುದು ಕಂಡುಬಂದಿದೆ. ಹತ್ತು ಸುತ್ತಿಗೆ 750. ಕೀಮೋಗೆ ಮೊದಲು ಕೊಡುವ ಆ ಪುಟ್ಟ ಮಾತ್ರೆಗಳನ್ನು ‘ಏನಾಗುತ್ತದೆ ಬಿಡು’ ಎಂದು ತಪ್ಪಿಸಬೇಡಿ. ಸಕ್ಕರೆ ಕಾಯಿಲೆಯಿದ್ದರೆ ಆ ದಿನಗಳಲ್ಲಿ ಶುಗರ್ ಏರುತ್ತದೆ, ಮುಂಚೆಯೇ ತಿಳಿಸಿ.

● ಜೋಮಿನ ವಿಷಯದಲ್ಲಿ ಸುಮ್ಮನಿರುವುದು ದೊಡ್ಡ ತಪ್ಪು. ಅಂಗಿಯ ಗುಂಡಿ ಹಾಕಲಾಗದಿದ್ದರೆ, ಚಪ್ಪಲಿ ಕಾಲಿನಿಂದ ಜಾರಿದ್ದು ತಿಳಿಯದಿದ್ದರೆ ಹಾಗೆಂದೇ ಹೇಳಿ. ಕೀಮೋ ನಿಂತ ಮೇಲೂ ಇದು ತಿಂಗಳುಗಟ್ಟಲೆ ಉಳಿಯಬಹುದು, ಕೆಲವರಲ್ಲಿ ಪೂರ್ತಿ ಹೋಗುವುದೇ ಇಲ್ಲ. ಅಡಿಕೆ ಸುಲಿಯುವವರಿಗೆ, ಮಗ್ಗದಲ್ಲಿ ಕೂರುವವರಿಗೆ, ದಿನವೂ ಸ್ಕೂಟರ್ ಓಡಿಸುವವರಿಗೆ ಬೆರಳಿನ ಸ್ಪರ್ಶವೆಂದರೆ ಜೀವನೋಪಾಯ. ಡಾಕ್ಟರಿಗೆ ನಿಮ್ಮ ಕಸುಬು ಗೊತ್ತಿರಲಿ.

● ತಣ್ಣನೆಯ ಕೈಗವಸು ಹಾಕಿಕೊಂಡು ಡ್ರಿಪ್ ಪಡೆದರೆ ಉಗುರು ಉಳಿಯುತ್ತದೆ! 2005ರ ಫ್ರೆಂಚ್ ಅಧ್ಯಯನದಲ್ಲಿ ಒಂದು ಕೈಗೆ ಹಿಮಗವಸು, ಇನ್ನೊಂದು ಬರಿಗೈ. ಉಗುರು ಕೆಟ್ಟದ್ದು ಗವಸಿನ ಕೈಯಲ್ಲಿ ಶೇ 11, ಬರಿಗೈಯಲ್ಲಿ ಶೇ 51.

● ಡೋಸೆಟಾಕ್ಸೆಲ್‌ನ ಕೆಲವು ತಯಾರಿಕೆಗಳಲ್ಲಿ ಆಲ್ಕೋಹಾಲ್ ಇರುತ್ತದೆ. ಡ್ರಿಪ್ ಮುಗಿದ ಮೇಲೆ ಅಮಲೇರಬಹುದೆಂದು ಅಮೆರಿಕದ ಔಷಧ ಇಲಾಖೆ 2014ರಲ್ಲಿ ಎಚ್ಚರಿಸಿತು. ಅಂದು ತಾವೇ ಗಾಡಿ ಓಡಿಸಿಕೊಂಡು ಮನೆಗೆ ಹೋಗಬಾರದು.

● ಡ್ರಿಪ್ ಆದ ವಾರದ ಮೇಲೆ ಬಿಳಿ ರಕ್ತಕಣ ತಳ ಮುಟ್ಟುತ್ತದೆ. ಆಗ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದರೆ ಕಷಾಯ ಕುಡಿದು ಬೆಳಗಿನವರೆಗೆ ಕಾಯಬಾರದು. ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ.

● ವಯಸ್ಸೊಂದೇ ಅಡ್ಡಿಯಲ್ಲ. ಟ್ಯಾಕ್ಸ್ 327ರಲ್ಲಿ 90 ದಾಟಿದವರೂ ಇದ್ದರು. ತಾವೇ ಸ್ನಾನ ಮಾಡಿ, ಪೇಟೆಗೆ ಹೋಗಿಬರುವ 78ರ ಅಜ್ಜ, ತೂಕ ಇಳಿದು ಹಾಸಿಗೆ ಹಿಡಿದ 62ರವರಿಗಿಂತ ಕೀಮೋವನ್ನು ಚೆನ್ನಾಗಿ ತಾಳಿಕೊಳ್ಳಬಹುದು.

● ಡೋಸೆಟಾಕ್ಸೆಲ್ ನಿಂತರೆ ದಾರಿ ಮುಗಿಯಿತೆಂದಲ್ಲ. ಅದೇ ಕುಲದ ಕ್ಯಾಬಾಜಿಟ್ಯಾಕ್ಸೆಲ್ 2010ರಲ್ಲಿ ಬಂತು. ಅದಕ್ಕೂ ಮಿತಿ ಹತ್ತು ಸುತ್ತೇ. ಚದರ ಮೀಟರಿಗೆ 25 ಮಿಲಿಗ್ರಾಂ ಬದಲು 20 ಕೊಟ್ಟರೂ ಫಲಿತಾಂಶ ಕೆಡಲಿಲ್ಲ ಎಂದು 1200 ಜನರ ಅಧ್ಯಯನ ತೋರಿಸಿತು. ಅಬಿರಾಟೆರೋನ್, ಎನ್ಜಾಲುಟಮೈಡ್ ಮಾತ್ರೆಗಳಿವೆ. ಬ್ರಾಕಾ ಜೀನ್ ದೋಷವಿದ್ದವರಿಗೆ ಒಲಾಪರಿಬ್ ಇದೆ. ಪಿಎಸ್‌ಎಂಎ ಸ್ಕ್ಯಾನಿನಲ್ಲಿ ಹೊಳೆಯುವ ಕಾಯಿಲೆಗೆ ಲುಟೀಷಿಯಂ ಚಿಕಿತ್ಸೆ ಇದೆ. ಹತ್ತೂ ಸುತ್ತು ಎಳೆದು ದೇಹ ಪೂರ್ತಿ ಸೋತುಹೋದರೆ ಇವುಗಳನ್ನು ತಾಳುವ ಶಕ್ತಿ ಉಳಿಯುವುದಿಲ್ಲ. ನಿಲ್ಲಿಸುವ ಹೊತ್ತನ್ನು ನಿರ್ಧರಿಸುವಾಗ ಇದನ್ನು ಬಹಳ ಜನ ಮರೆಯುತ್ತಾರೆ.

● ಒಂದೇ ಜಾಗದ ಮೂಳೆನೋವಿಗೆ ಒಂದೇ ದಿನದ, 8 ಗ್ರೇ ಪ್ರಮಾಣದ ರೇಡಿಯೇಷನ್ ಹಲವು ದಿನಗಳ ರೇಡಿಯೇಷನ್ನಿನಷ್ಟೇ ನೋವು ತಗ್ಗಿಸಬಲ್ಲದು. ನೋವಿಗೆಂದೇ ಇನ್ನೊಂದು ಸುತ್ತು ಕೀಮೋ ಎನ್ನುವ ಮೊದಲು ಇದನ್ನು ಕೇಳಿ.

● ಮೂರು ವಾರಕ್ಕೊಂದರಂತೆ ಆರು ಸುತ್ತೆಂದರೆ 18 ವಾರ, ಹತ್ತೆಂದರೆ 30 ವಾರ. ಪ್ರತಿ ಸುತ್ತಿಗೂ ರಕ್ತ ಪರೀಕ್ಷೆಗೊಂದು ದಿನ, ಡ್ರಿಪ್‌ಗೊಂದು ದಿನ, ಜೊತೆಗೆ ಬರುವ ಮಗನ ಕೂಲಿಯ ನಷ್ಟ, ಬಸ್ಸಿನ ರಾತ್ರಿ. ರಕ್ತ ಪರೀಕ್ಷೆಯನ್ನು ತಾಲ್ಲೂಕಿನಲ್ಲೇ ಮಾಡಿಸಿ ರಿಪೋರ್ಟ್ ಕಳಿಸಬಹುದೇ ಎಂದು ಕೇಳಿ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಕಲಬುರಗಿಯಲ್ಲಿ ಉಪಕೇಂದ್ರವಿದೆ. ಆ ಕಡೆಯವರು ಪ್ರತಿ ಸುತ್ತಿಗೂ ರಾಜಧಾನಿಗೆ ಬರಬೇಕೇ ಎಂದು ವಿಚಾರಿಸಲೇಬೇಕು. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಖರ್ಚಿನ ಚಿಂತೆಯಿಂದ ಸುತ್ತು ಬಿಡುತ್ತಿದ್ದರೆ ಆ ಮಾತನ್ನು ಬಾಯಿಬಿಟ್ಟು ಹೇಳಿ, ಡಾಕ್ಟರಿಗೆ ಅದು ಊಹೆಗೆ ಸಿಗುವುದಿಲ್ಲ.

● ಉಪಶಮನ ಆರೈಕೆ ಕೊನೆಯ ವಾರಕ್ಕೆಂದು ಎತ್ತಿಡುವಂಥದ್ದಲ್ಲ. ಕೀಮೋ ನಡೆಯುವಾಗಲೇ ಅದನ್ನೂ ಪಡೆಯಬಹುದು. ಬೆಂಗಳೂರಿನ ಕರುಣಾಶ್ರಯ 1999ರಿಂದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಿದೆ. ಮಾರ್ಫಿನ್ ಸಿಗುವುದನ್ನು ಸುಲಭಗೊಳಿಸಲು ಕೇಂದ್ರ ಸರ್ಕಾರ 2014ರಲ್ಲಿ ಕಾನೂನನ್ನೇ ತಿದ್ದಿತು.

● ಎಷ್ಟೋ ಮನೆಗಳಲ್ಲಿ ಈ ನಿರ್ಧಾರ ಮಗ ಮತ್ತು ಡಾಕ್ಟರ ನಡುವೆ ಆಗಿಬಿಡುತ್ತದೆ. ‘ಅಪ್ಪನಿಗೆ ಹೇಳಬೇಡಿ’ ಎಂಬ ಕೋರಿಕೆಯೊಂದಿಗೆ. ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ, ಆದರೂ ಅದು ಸರಿಯಲ್ಲ. ಸೂಜಿ ಚುಚ್ಚಿಸಿಕೊಳ್ಳುವವರು, ವಾಂತಿ ಮಾಡುವವರು, ರಾತ್ರಿ ನಿದ್ದೆ ಕೆಡುವವರು ಅಪ್ಪ. ಎಷ್ಟು ಸುತ್ತು ಸಾಕು ಎಂಬುದಕ್ಕೆ ಅವರ ಮಾತೇ ಕೊನೆಯದಾಗಬೇಕು.

ಓದುಗರಲ್ಲಿ ಒಂದು ವಿನಂತಿ. ಇದನ್ನು ಓದಿ ನೀವಾಗಿಯೇ ಕೀಮೋ ನಿಲ್ಲಿಸಬೇಡಿ, ಕೇಳದೆ ಎಳೆಯಲೂ ಬೇಡಿ. ಮುಂದಿನ ಸುತ್ತಿಗೆ ಹೋಗುವಾಗ ಕಳೆದ ಮೂರು ವಾರದ ನೋವು, ಊಟ, ನಿದ್ದೆ, ಜೋಮು, ತೂಕ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಡ್ರಿಪ್ ಹಾಕುವ ಮುನ್ನ ಡಾಕ್ಟರರನ್ನು ಕೇಳಿ: ಔಷಧ ಕೆಲಸ ಮಾಡುತ್ತಿದೆ ಎಂದು ಯಾವುದರಿಂದ ತಿಳಿಯಿತು? ಇನ್ನೊಂದು ಸುತ್ತಿನಿಂದ ಇವರಿಗೆ ಏನು ಸಿಗುತ್ತದೆ, ಏನು ಹೋಗುತ್ತದೆ? ಈಗ ನಿಲ್ಲಿಸಿದರೆ ಮುಂದೇನು?